ಪೆಟ್ರೋಲ್ ಟ್ಯಾಂಕಿಗೆ ಮೆತ್ತಿದ ಗಂಧ

ಇವತ್ತು ಆಯುಧಪೂಜೆ. ಬೆಳಿಗ್ಗೆ ಹಾಲು ತರಲು ಕೆಳಗಿಳಿದರೆ ನಮ್ಮ ಸೊಸೈಟಿಯ ಸ್ಕೂಟರು, ಕಾರುಗಳೆಲ್ಲ ಗಂಧ ಕುಂಕುಮ ಮೆತ್ತಿಸಿಕೊಂಡು ನಿಂತಿದ್ದವು. ಗಂಧದ ವಾಸನೆ ಪೆಟ್ರೋಲಿನ ವಾಸನೆಯೊಂದಿಗೆ ಸೇರಿ ಮೂಗಿಗೆ ಬಡಿದರೆ ನನಗೆ ಭಕ್ತಿ ಬರುವುದಿಲ್ಲ, ಮೈ ಉರಿಯುತ್ತದೆ. ಅದಕ್ಕೆ ಕಾರಣ ನಮ್ಮ ಭಾವ.

ಭಾವ ಎಂದರೆ ನನ್ನ ಗಂಡನ ಅಣ್ಣ. ಎಂಬತ್ತರ ದಶಕದಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಡದಲ್ಲಿ ನಮ್ಮದೊಂದು ಸಣ್ಣ ಹೋಟೆಲಿತ್ತು. ಖಾಡಿಯಲ್ಲಿ ಮರಳು ತೆಗೆಯುವವರಿಗೆ ನೀರಿನ ಮೇಲೇ ಇಡ್ಲಿ, ಚಹಾ ಮುಟ್ಟಿಸುತ್ತೇನೆಂದು ಭಾವ ಎಲ್ಲಿಂದಲೋ ಹಳೆಯ ಮೋಟಾರು ದೋಣಿ ತಂದರು. ಇಂಜಿನಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಸೊನ್ನೆ. ಮಾತು ಮಾತ್ರ ಹಡಗು ಕಟ್ಟಿದವರದು. ಆ ಇಂಜಿನನ್ನು ಪೂರ್ತಿ ಬಿಚ್ಚಿ, ಪಿಸ್ಟನ್ನಿಗೆ ಹೊಸ ರಿಂಗು ಹಾಕಿ ಜೋಡಿಸಿದವನು ಬಿಜಾಪುರದ ಕಡೆಯ ಬಸಪ್ಪ. ದಡದ ದೋಣಿಗಳ ರಿಪೇರಿಯೆಲ್ಲ ಅವನದೇ. ಅವನ ಹೊಟ್ಟೆಪಾಡು ಅದರಲ್ಲೇ ನಡೆಯುತ್ತಿತ್ತು.

ಮರುದಿನವೇ ಆಯುಧಪೂಜೆ ಬಂತು. ಭಾವನ ಭಕ್ತಿ ಯಾವಾಗಲೂ ನಾಲ್ಕು ಜನರ ಕಣ್ಣಿಗೆ ಬೀಳುವಂಥದ್ದು. ಇಂಜಿನಿನ ನೆತ್ತಿಯಿಂದ ಪೆಟ್ರೋಲ್ ಟ್ಯಾಂಕಿನ ಮುಚ್ಚಳದವರೆಗೆ ಗೋಡೆಗೆ ಸುಣ್ಣ ಬಳಿದಂತೆ ಗಂಧ ಬಳಿದರು.

ಅಂದಿನಿಂದ ಇಂಜಿನಿಗೆ ಗ್ರಹಚಾರ ಶುರುವಾಯಿತು. ಶುರು ಮಾಡಿದರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಗಡಗಡ ನಡುಗಿ, ಕೆಮ್ಮಿ ಕೆಮ್ಮಿ ಆರಿಹೋಗುತ್ತಿತ್ತು. ಪೆಟ್ರೋಲ್ ಇದೆಯೇ ಎಂದು ಮುಚ್ಚಳ ತೆಗೆದು ನೋಡಿದರೆ ಬೇಕಾದಷ್ಟಿದೆ. ಮುಚ್ಚಿ ಹಗ್ಗ ಎಳೆದರೆ ಮತ್ತೆ ಶುರು, ಮತ್ತೆ ಕೆಮ್ಮು. ಬಸಪ್ಪ ಪ್ಲಗ್ ಬದಲಾಯಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ. ಏನೂ ಪ್ರಯೋಜನವಾಗಲಿಲ್ಲ.

ಭಾವನಿಗೆ ತಾಳ್ಮೆ ಎಂಬುದು ಹುಟ್ಟಿನಿಂದಲೇ ಇಲ್ಲ. ದೋಣಿಯವರೆಲ್ಲ ಸೇರಿದ್ದ ದಡದಲ್ಲಿ ನಿಂತು, "ಹಾ ಚೋರ್ ಆಹೆ! ಕಳ್ಳ ಇವನು! ಹೊಸ ರಿಂಗು ನುಂಗಿ ಹಳೇದೇ ಹಾಕಿದ್ದಾನೆ!" ಎಂದು ಕೂಗಿಬಿಟ್ಟರು.

ಬಸಪ್ಪನ ಮುಖ ಕಪ್ಪಿಟ್ಟಿತು. "ಸಾವ್ಕಾರ್ರ, ನಾ ಅಂಥಾ ಮನಷ್ಯಾ ಅಲ್ರಿ. ನಿಮ್ಮ ಕಣ್ಣ ಮುಂದ ಬಿಚ್ಚತೀನಿ, ರಿಂಗ್ ನೀವ ನೋಡ್ರಿ" ಎಂದ. ಭಾವ ನೋಡುವುದುಂಟೇ? ಬೆನ್ನು ತಿರುಗಿಸಿ ನಡೆದರು. ಮರುದಿನದಿಂದ ಅವನಿಗೆ ಯಾರೂ ಒಂದು ಬೋಲ್ಟು ಮುಟ್ಟಲೂ ಕೊಡಲಿಲ್ಲ.

ಆ ವಾರವೇ ನಾನು ಚಹಾದ ಕೆಟಲ್ ತರಲು ದೋಣಿಗೆ ಹೋದೆ. ಟ್ಯಾಂಕಿನ ಮುಚ್ಚಳದ ನಡುವೆ ಸಾಸಿವೆಯಷ್ಟು ಸಣ್ಣ ತೂತೊಂದು ಗಂಧ ಒಣಗಿ ಮುಚ್ಚಿಹೋಗಿತ್ತು. ಹೋಟೆಲಿನ ಅಡುಗೆಮನೆಯಲ್ಲಿ ದುಡಿದ ಯಾರಿಗೆ ಗೊತ್ತಿಲ್ಲ ಹೇಳಿ? ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೆಯಬೇಕು, ಒಂದರಲ್ಲಿ ಗಾಳಿ ಒಳಗೆ ಹೋದರೇ ಇನ್ನೊಂದರಲ್ಲಿ ಎಣ್ಣೆ ಹೊರಗೆ ಬರುವುದು. ಪೆಟ್ರೋಲಿಗೂ ಅದೇ ಲೆಕ್ಕ, ಮುಚ್ಚಳ ತೆಗೆದಾಗ ಒಳಹೋದ ಗಾಳಿಯಿಂದಲೇ ಇಂಜಿನು ಅಷ್ಟು ಹೊತ್ತು ನಡೆಯುತ್ತಿದ್ದದ್ದು. ಸೀರೆಯ ಪಿನ್ನಿನಿಂದ ಗಂಧ ಕೆದಕಿ ತೆಗೆದು ಹಗ್ಗ ಎಳೆದೆ. ಇಂಜಿನು ಹಾಲು ಕುಡಿದ ಮಗುವಿನಂತೆ ತಣ್ಣಗೆ ನಡೆಯಿತು.

"ಭಾವ, ದಡಕ್ಕೆ ಹೋಗಿ ಹೇಳಿ, ಬಸಪ್ಪನದು ತಪ್ಪಿಲ್ಲ ಅಂತ" ಎಂದೆ.

"ಎಂತ ಮಾರಾಯ್ತಿ, ದೇವರ ಗಂಧದಿಂದ ಇಂಜಿನ್ ಕೆಡ್ತದಾ? ಅಷ್ಟು ಜನರೆದುರು ನನ್ನ ಮರ್ಯಾದೆ ಎಂತಾಗ್ಬೇಕು? ಬಾಯ್ಮುಚ್ಚಿಕೊಂಡಿರು."

ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ನಾನೇ ಬಸಪ್ಪನ ಖೋಲಿ ಹುಡುಕಿಕೊಂಡು ಹೋದೆ. ಬೀಗ. ಹೆಂಡತಿ ಮಕ್ಕಳೊಂದಿಗೆ ಬದಲಾಪುರದ ಕಡೆ ಕಲ್ಲು ಹೊರಲು ಹೋದ ಎಂದರು ಪಕ್ಕದವರು. ಇಂಜಿನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮನುಷ್ಯ, ಕಲ್ಲು ಹೊರಲು! ಆ ಹೊತ್ತು ನನಗೆ ಬಂದ ಅಳು ಈಗಲೂ ನೆನಪಿದೆ.

ಇವತ್ತು ಮಧ್ಯಾಹ್ನ ಭಾವ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. ತಲೆ ಬೆಳ್ಳಗಾಗಿದೆ, ಬಡಾಯಿಗೆ ಮಾತ್ರ ವಯಸ್ಸಾಗಿಲ್ಲ. ಪಾಯಸ ಸೊರ್ರನೆ ಹೀರುತ್ತ ಮಕ್ಕಳಿಗೆ ಹೇಳುತ್ತಿದ್ದರು: "ಆ ಇಂಜಿನ್ ರಿಪೇರಿ ಮಾಡಿದ್ದು ನಾನೇ, ಗೊತ್ತುಂಟಾ? ಒಬ್ಬ ಕಳ್ಳ ಮೆಕ್ಯಾನಿಕ್ ಹಾಳು ಮಾಡಿ ಓಡಿಹೋಗಿದ್ದ."

ಪ್ರತಿ ವರ್ಷ ಈ ಕತೆ ಬರುತ್ತದೆ, ಪ್ರತಿ ವರ್ಷ ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತೇನೆ. ಇವತ್ತು ಹೋಗಲಿಲ್ಲ. ಸೌಟು ಕೆಳಗಿಟ್ಟು ಎಲ್ಲರೆದುರು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಭಾವ ಪಾಯಸದ ಕೈಯನ್ನು ಎಲೆಯ ಅಂಚಿಗೆ ಒರೆಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಅವನ ಹೆಸರು ಎಂತ ಹೇಳಿದೆ?"

ಅಷ್ಟೂ ವರ್ಷ ಕಳ್ಳ ಎಂದು ಕರೆದವರಿಗೆ ಅವನ ಹೆಸರೇ ನೆನಪಿರಲಿಲ್ಲ.