ಪೆಂಟಿಗೆ ಹೊಲಿದ ಖಣದ ಝೂಲ

ಮನೀಶ್ ನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಪ್ಲಾಟುಗಳೇ ಹೆಚ್ಚು. ಮಳೆ ಹಿಡಿಯಿತೆಂದರೆ ಆ ಪ್ಲಾಟುಗಳಲ್ಲಿ ಎದೆಮಟ್ಟ ಹುಲ್ಲು ಬೆಳೆಯುತ್ತಿತ್ತು, ಎಲ್ಲಿಂದಲೋ ಎಮ್ಮೆಗಳು ಬರುತ್ತಿದ್ದವು, ನಮ್ಮ ಎರಡನೇ ಮಹಡಿಯ ಬಾಲ್ಕನಿಯವರೆಗೂ ಹಸಿ ಸೆಗಣಿಯ ವಾಸನೆ ಏರಿ ಬರುತ್ತಿತ್ತು. ಅಜ್ಜಿ ಅದನ್ನು ಮೂಗಿನ ತುಂಬ ಎಳೆದುಕೊಂಡು, "ಈ ಊರಾಗ ನಮ್ಮ ಕಡೀದು ಅಂತ ಇದೊಂದ ಐತಿ ನೋಡ" ಅನ್ನುತ್ತಿದ್ದಳು.

ಅಪ್ಪನಿಗೆ ಬಾಗಲಕೋಟೆಯಿಂದ ನಾಗಪುರಕ್ಕೆ ವರ್ಗವಾಗಿ ನಾವು ನಾಲ್ವರೂ ಗಂಟುಮೂಟೆ ಸಮೇತ ಬಂದಿಳಿದ ಮಳೆಗಾಲ ಅದು. ನನಗೆ ಒಂಬತ್ತು ವರ್ಷ. ಶಾಲೆಯಲ್ಲಿ ಮರಾಠಿ, ಅಂಗಳದಲ್ಲಿ ಹಿಂದಿ. ಎರಡೂ ಬಾರದ ನಾನು ಮೆಟ್ಟಿಲ ಮೇಲೆ ಕೂತು, ಬೇರೆ ಹುಡುಗಿಯರು ಕುಂಟುತ್ತ ಲಂಗಡಿ ಆಡುವುದನ್ನು ನೋಡುತ್ತಿದ್ದೆ. ಅಪ್ಪನ ಪಾಡೂ ಅದೇ. ಸಂಜೆ ಗೇಟಿನ ಬಳಿಯ ಕಟ್ಟೆಯ ಮೇಲೆ ಸೊಸೈಟಿಯ ಗಂಡಸರು ಸೇರುತ್ತಿದ್ದರು. ಅಪ್ಪ ಹೋಗಿ ನಿಂತರೆ, "ಆಯಿಯೇ ಸೌತ್‌ವಾಲೇ, ಆಜ್ ಇಡ್ಲಿ ಯಾ ಡೋಸಾ?" ಎಂದು ಯಾರಾದರೂ ಕೇಳುವರು. ನಮ್ಮವ್ವ ಜೋಳದ ರೊಟ್ಟಿ ಬಡಿಯುವ ಸಪ್ಪಳ ದಿನಾ ಗೇಟಿನವರೆಗೆ ಕೇಳುತ್ತಿತ್ತು, ಆದರೂ ಅದೇ ಜೋಕು. ಅಪ್ಪನೂ ನಗುತ್ತಿದ್ದ. ಮೇಲೆ ಬಂದು ಅಂಗಿ ಬಿಚ್ಚುವಾಗಲೂ ಆ ನಗು ಮುಖದ ಮೇಲೆ ಇದ್ದೇ ಇರುತ್ತಿತ್ತು, ತೆಗೆದಿಡಲು ಮರೆತವನ ಹಾಗೆ.

ನಮ್ಮ ಮೇಲಿನ ಮನೆಯ ಸುಲಭಾ ಕಾಕು ಬೀದಿನಾಯಿ, ಗಾಯಗೊಂಡ ಪಾರಿವಾಳ ಎಂದು ಏನಾದರೊಂದನ್ನು ತಂದು ಸಾಕುವವಳು. ಸೀತಾಬರ್ಡಿಯ ಗಲ್ಲಿಯೊಂದರಲ್ಲಿ ಪ್ರಾಣಿ ಮಾರುವ ಅಂಗಡಿ ಮುಚ್ಚಿತ್ತಂತೆ. ಮಾರಾಟವಾಗದೆ ಉಳಿದ ಒಂದು ಗಿನಿ ಪಿಗ್ ಕಬ್ಬಿಣದ ಪಂಜರದಲ್ಲಿ ಹಾಗೇ ಇತ್ತಂತೆ. ಕಾಕು ಅದನ್ನು ಬಿಡಿಸಿ ತಂದಳು. ತನ್ನ ಮನೆಯ ನಾಯಿಗಳ ನಡುವೆ ಇಡುವಂತಿಲ್ಲ. ಮೆಟ್ಟಿಲ ಮೇಲೆ ಒಬ್ಬಳೇ ಕೂರುವ ನನ್ನನ್ನು ದಿನಾ ಕಂಡಿದ್ದಳೋ ಏನೋ, ಒಂದು ರಟ್ಟಿನ ಪೆಟ್ಟಿಗೆಯನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು.

ಹೆಸರಿನಲ್ಲಿ ಹಂದಿ ಇದೆ ಎಂದು ತಿಳಿದು ಅವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಅಜ್ಜಿ ಮಾತ್ರ ಕನ್ನಡಕ ಏರಿಸಿ ಪೆಟ್ಟಿಗೆಯೊಳಗೆ ಬಗ್ಗಿದಳು. ಕಂದು ಬಣ್ಣ, ಬಾಲವಿಲ್ಲ, ಕುತ್ತಿಗೆಯೂ ಇಲ್ಲ. "ಹಂದಿ ಎಲ್ಲೀದು, ಬೆಲ್ಲದ ಪೆಂಟಿ ಇದ್ದಂಗ ಐತಿ" ಅಂದಳು. ಬೆಲ್ಲದ ಉಂಡೆಯ ಆ ಹೆಸರೇ ನಿಂತಿತು, ಪೆಂಟಿ.

ಪೆಂಟಿ ಮೂಲೆಯಲ್ಲಿ ಕಲ್ಲಿನಂತೆ ಕೂತಿತ್ತು. ತಿನ್ನಲಿಲ್ಲ, ಅಲುಗಲಿಲ್ಲ, ರೆಪ್ಪೆ ಕೂಡ ಬಡಿಯಲಿಲ್ಲ. ನೋಡಲು ಬಂದ ಪಕ್ಕದ ಮನೆಯವರು, ಎಷ್ಟು ಶಾಂತ ಪ್ರಾಣಿ ಎಂದು ಹಿಂದಿಯಲ್ಲಿ ಹೊಗಳಿದರು. ನಾನು ಅದನ್ನು ನನಗೆ ತಿಳಿದಷ್ಟು ಕನ್ನಡ ಮಾಡಿ ಅಜ್ಜಿಗೆ ಹೇಳಿದೆ. ಅಜ್ಜಿ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತದೇ ಹೇಳಿದಳು: "ಶಾಂತ ಅಲ್ಲವ್ವ ಅದು. ಉಸಿರು ಹಿಡದೈತಿ."

ಅದನ್ನು ಪಳಗಿಸಿದ್ದು ಅಜ್ಜಿಯ ಒಂದೇ ಉಪಾಯ. ಮನೆಗೆ ಹೊಸ ಸೊಸೆ ಬಂದಾಗ ತಮ್ಮ ಕಡೆ ಹೇಗಿರುತ್ತಾರೋ ಹಾಗಿರಬೇಕು ಎಂದಳು. ಉಣ್ಣಲು ಇಟ್ಟು ಮಾರಿ ಆ ಕಡೆ ಮಾಡಬೇಕು, ಯಾಕ ತಿನವಲ್ಲಿ ಅಂತ ಕೇಳಬಾರದು, ತಾನಾಗಿ ಬರುವವರೆಗೆ ಮುಟ್ಟಬಾರದು. ತಾನು ಹದಿನಾಲ್ಕಕ್ಕೆ ಸೊಸೆಯಾಗಿ ಬಂದಾಗ ಅತ್ತೆ ಹೀಗೇ ಮಾಡಿದ್ದಳಂತೆ, ರೊಟ್ಟಿ ಇಟ್ಟು ಹಿತ್ತಲಿಗೆ ಹೋಗಿಬಿಡುತ್ತಿದ್ದಳಂತೆ. "ಆಕಿ ಬೆನ್ನ ನೋಡಿ ನೋಡಿನ ನನಗ ಧೈರ್ಯ ಬಂತು" ಅಂದಿದ್ದಳು ಅಜ್ಜಿ.

ಹಾಗಾಗಿ ನಾವಿಬ್ಬರೂ ಪೆಂಟಿಗೆ ಬೆನ್ನು ಮಾಡಿ ಕೂತೆವು. ಶಾಲೆಯಿಂದ ಬಂದು ಪಾಟಿಚೀಲ ಬಿಸಾಕಿ, ಬಾಲ್ಕನಿಯ ಬಾಗಿಲಲ್ಲಿ ಅಜ್ಜಿಯ ಮಗ್ಗುಲಿಗೆ ಕೂರುವುದು. ಅಜ್ಜಿ ಮೆಂತೆ ಸೋಸುತ್ತ ಹುನಗುಂದದ ತನ್ನ ತವರಿನ ಮಾತು ತೆಗೆಯುವಳು. ದಂಟನ್ನು ಹಿಂದಕ್ಕೆ ನೋಡದೇ ಎಸೆಯುವಳು. ನಾನು ಹೊರಳಿ ನೋಡಲು ಹೋದರೆ ಮೊಣಕೈಯಿಂದ ತಿವಿಯುವಳು. ನನ್ನಲ್ಲಿ ಇವತ್ತು ಉಳಿದಿರುವ ಕನ್ನಡವೆಲ್ಲ ಆ ಬಾಗಿಲಲ್ಲಿ, ಬೆನ್ನ ಹಿಂದೆ ಕಿವಿ ಇಟ್ಟುಕೊಂಡು ಉಳಿಸಿಕೊಂಡದ್ದು.

ಒಂದು ಸಂಜೆ ಬೆನ್ನ ಹಿಂದೆ ಕಚಕಚ ಸದ್ದು. ಅಜ್ಜಿ ಮಾತು ನಿಲ್ಲಿಸಲಿಲ್ಲ, ದನಿ ಸ್ವಲ್ಪ ತಗ್ಗಿಸಿದಳು, ಅಷ್ಟೆ. ಮುಂದೆ ಮಳೆ ಜೋರು ಹಿಡಿದ ದಿನಗಳಲ್ಲಿ ಅದು ನನ್ನ ಕಾಲುಂಗುಟ ಮೂಸಿತು. ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆದ ಸದ್ದಾದರೆ ಸಾಕು, ಸೀಟಿ ಹೊಡೆಯತೊಡಗಿತು. ಕೊತ್ತಂಬರಿ ಕಟ್ಟು ಬಿಚ್ಚಿದರಂತೂ ನಿಂತಲ್ಲೇ ನಾಲ್ಕೂ ಕಾಲು ಎತ್ತಿ ಪುಟಿಯುತ್ತಿತ್ತು. ಅವ್ವ ಕೂಡ, ಯಾರೂ ನೋಡದಾಗ, ಕ್ಯಾಪ್ಸಿಕಂ ತುಂಡು ಹಾಕಿ ಹೋಗುತ್ತಿದ್ದಳು. ಸೀಟಿ ಕೇಳಿ ಲಂಗಡಿ ಆಡುವ ಹುಡುಗಿಯರು ಬಾಲ್ಕನಿಯತ್ತ ನೋಡತೊಡಗಿದರು. ಆ ಊರಿನಲ್ಲಿ ನನ್ನನ್ನು ಮೊದಲು ಗುರುತು ಹಿಡಿದು ಕರೆದದ್ದು ಪೆಂಟಿ.

ಆಮೇಲೆ ಪೋಳಾ ಬಂತು. ಅಲ್ಲಿಯ ರೈತರು ಎತ್ತು ಪೂಜಿಸುವ ಅಮಾವಾಸ್ಯೆ. ಮಾರನೆಯ ದಿನ ಮಕ್ಕಳ ಪಾಳಿ, ತಾನ್ಹಾ ಪೋಳಾ. ಗಾಲಿ ಹಚ್ಚಿದ ಕಟ್ಟಿಗೆ ಎತ್ತುಗಳನ್ನು ಸಿಂಗರಿಸಿ, ಹಗ್ಗ ಹಿಡಿದು ಎಳೆಯುತ್ತ ಮಕ್ಕಳು ಅಂಗಳಕ್ಕೆ ಬರುತ್ತಾರೆ, ಚಂದದ ಎತ್ತಿಗೆ ಬಹುಮಾನ. ನಮ್ಮ ಕಡೆ ಮಣ್ಣೆತ್ತು ಮಾಡಿ ಪೂಜಿಸುವವರು ನಾವು, ಕಟ್ಟಿಗೆ ಎತ್ತು ಎಲ್ಲಿಂದ ಬರಬೇಕು? ಅಜ್ಜಿ ತನ್ನ ಸಮಾಧಾನಕ್ಕೆ ಹಳೆಯ ಗುಳೇದಗುಡ್ಡದ ಕುಪ್ಪಸದ ಖಣ ಕತ್ತರಿಸಿ, ಎತ್ತಿನ ಮೇಲೆ ಹಾಕುವಂಥ ಅಂಗೈಯಗಲದ ಝೂಲ ಹೊಲಿದಳು. ಪೆಂಟಿಗೆ ಹೊದಿಸಿ, ದೇವರ ಮುಂದೆ ಒಂದು ಗಳಿಗೆ ಕೂರಿಸಿ ಕುಂಕುಮ ಹಚ್ಚೋಣ ಎಂದು ನಕ್ಕಳು.

ಆ ಝೂಲವನ್ನು ಅಪ್ಪ ನೋಡಿದ. ಕಟ್ಟೆಯ ಮೇಲೆ ಯಾರೋ, ಸೌತ್‌ವಾಲೇ ಈ ಸಲ ಏನು ತರುತ್ತಾರೆ ಎಂದು ಕೇಳಿದ್ದರಂತೆ. ಅಪ್ಪ ಸ್ಟೂಲಿನ ಹಲಗೆಗೆ ನನ್ನ ಹಳೆಯ ಆಟಿಕೆ ಗಾಡಿಯ ಗಾಲಿ ಹಚ್ಚಿದ, ಬಂಗಾರದ ಕಾಗದದಲ್ಲಿ ಕೊಂಬು ಕತ್ತರಿಸಿದ.

"ಎಲ್ಲಾರದೂ ಕಟ್ಟಿಗಿ ಎತ್ತು. ನಮ್ಮದು ಜೀವಂತ ಎತ್ತು" ಅಂದ.

ಬೇಡ, ಹೆದರುತ್ತದೆ ಎಂದೆ. ಅಜ್ಜಿ ನನಗಿಂತ ಗಟ್ಟಿಯಾಗಿ ಹೇಳಿದಳು: "ಏ ಶಂಕ್ರಾ, ಈಗಷ್ಟ ಕಣ್ಣು ಬಿಟ್ಟೈತಿ. ಮಂದ್ಯಾಗ ಒಯ್ಯಬ್ಯಾಡ."

"ಒಂದ ತಾಸಿನ ಮಾತು, ಅವ್ವಾ. ಇಲ್ಲೇ ಇರಬೇಕಲ್ಲ ನಾವು."

ಅಜ್ಜಿ ಎದ್ದು ಪೆಂಟಿಯ ಪೆಟ್ಟಿಗೆಗೆ ಒಂದು ಹಿಡಿ ಕೊತ್ತಂಬರಿ ಹಾಕಿ ಬಂದಳು.

ಅಂಗಳದಲ್ಲಿ ಢೋಲು, ತಾಸೆ, ಮೈಕಿನ ಹಾಡು. ಕಾಂಕ್ರೀಟಿನ ಮೇಲೆ ಗಾಲಿಗಳ ಗಡಗಡ. ಹಗ್ಗವನ್ನು ನನ್ನ ಕೈಗೆ ಕೊಟ್ಟು ಅಪ್ಪ ಪಕ್ಕದಲ್ಲಿ ನಡೆದ. ಪೆಂಟಿಗೆ ಝೂಲ ಹೊದಿಸಿ ಹಲಗೆಯ ಮೇಲೆ ರಿಬ್ಬನ್ನಿನಿಂದ ಕಟ್ಟಿದ್ದ. ಮಕ್ಕಳೆಲ್ಲ ನುಗ್ಗಿ ಬಂದರು, ನೂರು ಕೈ ಮುಟ್ಟಿದವು. ಪೆಂಟಿ ಅಲುಗಲಿಲ್ಲ. ಓಡಲು ನೋಡಲಿಲ್ಲ, ಕಚ್ಚಲಿಲ್ಲ, ಸೀಟಿ ಹೊಡೆಯಲಿಲ್ಲ. ಕಟ್ಟಿಗೆ ಎತ್ತುಗಳಾದರೂ ಗಾಲಿಯ ಮೇಲೆ ಅಷ್ಟಿಷ್ಟು ಓಲಾಡುತ್ತಿದ್ದವು. ಅಪ್ಪನ ಮುಖ ಅರಳಿತ್ತು. ಎಲ್ಲರಿಗೂ ಕೇಳುವಂತೆ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳುತ್ತಿದ್ದ, "ದೇಖೋ, ಕಿತನಾ ಶಾಂತ ನಿಂತೈತಿ!"

ನಾನು ಮೇಲೆ ನೋಡಿದೆ. ಬಾಲ್ಕನಿಯಲ್ಲಿ ಅಜ್ಜಿ ಇರಲಿಲ್ಲ. ಒಳಗೆ ಹೋಗಿಬಿಟ್ಟಿದ್ದಳು.

ಮೊದಲ ಬಹುಮಾನ ನಮಗೇ ಬಂತು, ಒಂದು ಸ್ಟೀಲಿನ ಡಬ್ಬಿ. ಮೈಕಿನಲ್ಲಿ ಕರೆಯಲು ಹೆಸರು ಬೇಕಾಯಿತು. ಹಾಗೆ ಸೊಸೈಟಿಯವರು ಮೊದಲ ಸಲ ಅಪ್ಪನ ಹೆಸರು ಕೇಳಿದರು. ಅಂದಿನಿಂದ ಅಪ್ಪ ಕಟ್ಟೆಯ ಮೇಲೆ ಹಿರೇಮಠ್‌ಜಿ.

ಮೇಲೆ ತಂದು ರಿಬ್ಬನ್ ಬಿಚ್ಚಿದಾಗ ಪೆಂಟಿ ಝೂಲ ಹೊದ್ದುಕೊಂಡೇ ರಟ್ಟಿನ ಪೆಟ್ಟಿಗೆಯ ಅದೇ ಮೂಲೆಗೆ ಹೋಯಿತು. ನಾನೂ ಅಜ್ಜಿಯೂ ಮತ್ತೆ ಬೆನ್ನು ಮಾಡಿ ಕೂತೆವು. ಅಜ್ಜಿ ಮಾತು ತೆಗೆಯಲು ನೋಡಿದಳು, ತವರಿನ ಮಾತು ಯಾಕೋ ಮುಂದೆ ಹೋಗಲಿಲ್ಲ. ಎಸೆದ ದಂಟು ಎಸೆದಲ್ಲೇ ಬಾಡಿತು. ಮೇವು ಬಿಟ್ಟದ್ದು ತಿಳಿದ ಕೂಡಲೇ ಸುಲಭಾ ಕಾಕು ಬಂದು, ಯಾರನ್ನೂ ಏನೂ ಅನ್ನದೆ, ಪೆಟ್ಟಿಗೆ ಎತ್ತಿಕೊಂಡು ಡಾಕ್ಟರ ಬಳಿಗೆ ಹೋದಳು. ಮರಳಿ ತಂದ ಮೇಲೆ ನಾಯಿಗಳನ್ನು ಹೊರಗೆ ಕಟ್ಟಿ ತನ್ನ ಮನೆಯಲ್ಲೇ ಇಟ್ಟುಕೊಂಡಳು. ನಾನು ಮೇಲಿನ ಮನೆಯ ಕಡೆ ಕಿವಿ ಇಟ್ಟು, ಫ್ರಿಜ್ಜಿನ ಬಾಗಿಲು ಸುಮ್ಮಸುಮ್ಮನೆ ತೆಗೆದು ಹಾಕುತ್ತಿದ್ದೆ. ವಾರದೊಳಗೆ ಕಾಕು ಕೆಳಗಿಳಿದು ಬಂದಳು, ಪೆಟ್ಟಿಗೆ ಇಲ್ಲದೆ. ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಡಚಿದ ಝೂಲವನ್ನು ಅಜ್ಜಿಯ ಕೈಯಲ್ಲಿಟ್ಟಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಬೇಕಾಗಲೂ ಇಲ್ಲ.

ಈಗ ಆ ಖಾಲಿ ಪ್ಲಾಟು ಒಂದೂ ಇಲ್ಲ. ಹುಲ್ಲು ಇಲ್ಲ, ಎಮ್ಮೆ ಇಲ್ಲ, ಅಜ್ಜಿ ಇಲ್ಲ. ಅಪ್ಪ ಅಲ್ಲೇ ಫ್ಲ್ಯಾಟು ಕೊಂಡ. ಈಗ ಸೊಸೈಟಿಯ ತಾನ್ಹಾ ಪೋಳಾದಲ್ಲಿ ಮೈಕು ಹಿಡಿಯುವವನು ಅವನೇ, ಅಚ್ಚ ಮರಾಠಿಯಲ್ಲಿ. ಬಹುಮಾನದ ಡಬ್ಬಿಯಲ್ಲಿ ಅವ್ವ ಇನ್ನೂ ಸಾಸಿವೆ ತುಂಬಿಡುತ್ತಾಳೆ. ಅಜ್ಜಿ ಇದ್ದಷ್ಟು ದಿನ ಅದನ್ನು ಮುಟ್ಟಲಿಲ್ಲ, ಸಾಸಿವೆಯಿಲ್ಲದೇ ಒಗ್ಗರಣೆ ಹಾಕಿದಳು.

ಹೋದ ಚಳಿಗಾಲ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಮನೆ ತುಂಬ ಮಂದಿ. ಎಲ್ಲರೂ ನನ್ನ ಮಾರಿಯನ್ನೇ ನೋಡುತ್ತ ಏನೇನೋ ಕೇಳುತ್ತಿದ್ದರು. ನಾನು ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಅಪ್ಪ ಅದೇ ಅರಳಿದ ಮುಖದಿಂದ ಹೇಳಿದ, "ನಮ್ಮ ಗೌರಿ ಭಾಳ ಶಾಂತ ಅದಾಳ್ರಿ."

ಅಲ್ಲ ಎಂದು ಹೇಳಬೇಕಾದವಳು ಆ ಕೋಣೆಯಲ್ಲಿ ಇರಲಿಲ್ಲ.