ಆರು ಕಿಲೋ ಹೆಚ್ಚು

ಈಗ ಛತ್ರಪತಿ ಸಂಭಾಜಿನಗರ ಎಂದು ಕರೆಯುವ ಊರು ಆಗ ಔರಂಗಾಬಾದ್ ಆಗಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಸಣ್ಣ ವಿಮಾನ ನಿಲ್ದಾಣದಲ್ಲಿ ನಾನು ಪ್ರಯಾಣಿಕರ ಸಾಮಾನು ತೂಗುವ ಕೆಲಸದಲ್ಲಿದ್ದೆ. ಮುಂಬಯಿಯಿಂದ ಬಂದ ವಿಮಾನ ನಮ್ಮಲ್ಲಿ ಇಳಿದು, ಉದಯಪುರ, ಜೈಪುರಗಳಲ್ಲಿ ನಿಂತು ದಿಲ್ಲಿಗೆ ಹೋಗುತ್ತಿತ್ತು. ಒಬ್ಬ ಪ್ರಯಾಣಿಕನಿಗೆ ಇಪ್ಪತ್ತು ಕಿಲೋ ಸಾಮಾನು ಪುಕ್ಕಟೆ. ಅದರಾಚೆ ಒಂದೊಂದು ಕಿಲೋಗೂ ದುಡ್ಡು.

ತಕ್ಕಡಿಯ ಮುಳ್ಳು ಇಪ್ಪತ್ತು ದಾಟಿದ ಕೂಡಲೇ ಜನರ ಮುಖ ಬದಲಾಗುವುದನ್ನು ನಾನು ದಿನವೂ ನೋಡುತ್ತಿದ್ದೆ. ಕೆಲವರು ಜಗಳಕ್ಕೆ ಬರುತ್ತಿದ್ದರು. ಕೆಲವರು ಅಲ್ಲೇ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಪುಸ್ತಕ, ಚಪ್ಪಲಿ, ಹಿತ್ತಾಳೆ ಪಾತ್ರೆ ಹೊರಗೆ ತೆಗೆಯುತ್ತಿದ್ದರು. ಒಬ್ಬ ವ್ಯಾಪಾರಿಯಂತೂ ಮೇ ತಿಂಗಳ ಬಿಸಿಲಲ್ಲಿ ಮೂರು ಅಂಗಿ, ಒಂದು ಕೋಟು ಹಾಕಿಕೊಂಡು ಬೆವರುತ್ತ ವಿಮಾನ ಹತ್ತಿದ. ನಾನು ಯಾರಿಗೂ ಸಡಿಲ ಬಿಟ್ಟವನಲ್ಲ. ಇಪ್ಪತ್ಮೂರು ವರ್ಷದ ಹುಡುಗ, ಬಿಳಿ ಅಂಗಿ, ಕೊರಳಲ್ಲಿ ಟೈ. ನಮ್ಮ ವಂಶದಲ್ಲಿ ಟೈ ಕಟ್ಟಿದ ಮೊದಲಿಗ ನಾನೇ. ನಿಯಮ ಹೇಳುವಾಗ ನನ್ನ ದನಿಗೆ ತಾನಾಗಿಯೇ ಒಂದು ಗತ್ತು ಬರುತ್ತಿತ್ತು.

ನಮ್ಮದು ಬೀದರ ಕಡೆಯ ಮನೆತನ. ಅಪ್ಪ ನಾಸಿಕದ ಸಾತಪುರದ ಒಂದು ಕಾರ್ಖಾನೆಯಲ್ಲಿ ಉಗ್ರಾಣದ ಗುಮಾಸ್ತರಾಗಿದ್ದರು. ನಾನು, ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ, ಇಬ್ಬರೇ ಮಕ್ಕಳು. ಅವ್ವನಿಗೆ ಮನೆಗೆಲಸದಿಂದ ಬಿಡುವಿರಲಿಲ್ಲವಾಗಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅಕ್ಕನೇ. ಮೆಟ್ರಿಕ್ ಆದ ಮೇಲೆ ನನ್ನನ್ನು ಕಾರ್ಖಾನೆಗೆ ಸೇರಿಸಬೇಕೆಂದು ಅಪ್ಪ ನಿಶ್ಚಯಿಸಿದಾಗ ಎರಡು ದಿನ ಊಟ ಬಿಟ್ಟು ಕುಳಿತವಳೂ ಅವಳೇ. ಅಪ್ಪ ಸೋತರು. ನಾನು ಕಾಲೇಜಿಗೆ ಹೋದೆ. ಇಂಗ್ಲಿಷ್ ಕಲಿತದ್ದರಿಂದಲೇ ನನಗೆ ವಿಮಾನದ ಕೆಲಸ ಸಿಕ್ಕಿತು.

ಅಕ್ಕನ ಗಂಡ ರೈಲ್ವೆಯಲ್ಲಿದ್ದ. ಮದುವೆಯಾಗಿ ಆರು ವರ್ಷಕ್ಕೆ ಅಕ್ಕ ಬಸುರಾದಾಗ ಭಾವನಿಗೆ ಜೈಪುರಕ್ಕೆ ವರ್ಗವಾಗಿತ್ತು. ಮೊದಲ ಹೆರಿಗೆಗೆ ತವರಿಗೆ ಬರಬೇಕು, ಅವ್ವ ಎಲ್ಲ ಅಣಿ ಮಾಡಿಕೊಂಡಿದ್ದಳು. ಆದರೆ ಅಕ್ಕನ ಕಾಲು ಬಾತುಕೊಂಡವು, ರಕ್ತದೊತ್ತಡ ಏರಿತು, ಪ್ರಯಾಣ ಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಅವಳು ಅವ್ವನಿಗೆ ಬರೆದ ಕೊನೆಯ ಕಾಗದವನ್ನು ನಾನೂ ಓದಿದ್ದೇನೆ. “ಇಲ್ಲಿ ಚಳಿ ಭಾಳ ಅದ. ಅಂಗಡಿ ರಗ್ಗು ಹೊದ್ದರೂ ಕಾಲು ಬೆಚ್ಚಗಾಗಾಂಗಿಲ್ಲ. ನೀ ಬರುವಾಗ ನನ್ನ ಕೌದಿ ತಾ. ಬ್ಯಾರೆ ಏನೂ ಬ್ಯಾಡ.”

ಆ ಕೌದಿಯನ್ನು ಅವ್ವನೇ ಹೊಲಿದಿದ್ದಳು. ಎಂಟು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಅಕ್ಕನ ಹರಿದ ಲಂಗದ ತುಂಡುಗಳನ್ನು ಜೋಡಿಸಿ, ಒಂದು ಮಳೆಗಾಲವಿಡೀ ಕೂತು ಹಾಕಿದ ಹೊಲಿಗೆ. ಮೈಮೇಲೆ ಎಳೆದುಕೊಂಡರೆ ಯಾರೋ ಒತ್ತಿ ಹಿಡಿದ ಹಾಗಿರುತ್ತಿತ್ತು.

ಡಿಸೆಂಬರ್ ಕೊನೆಯಲ್ಲಿ ಭಾವನ ತಂತಿ ಬಂತು. ದಿನ ತುಂಬುವ ಮೊದಲೇ ಹೆರಿಗೆಯಾಗಿದೆ, ಹೆಣ್ಣುಮಗು, ಬಾಣಂತಿಗೆ ಜ್ವರ, ಅವ್ವನನ್ನು ಕೂಡಲೇ ಕಳಿಸಿ. ರೈಲಿನಲ್ಲಾದರೆ ಗಾಡಿ ಬದಲಿಸಿ ಬದಲಿಸಿ ಎರಡು ದಿನ. ಕೆಲಸಕ್ಕೆ ಸೇರಿ ವರ್ಷ ತುಂಬಿದವರ ತಂದೆತಾಯಿಗೆ ರಿಯಾಯಿತಿ ಟಿಕೆಟ್ ಸಿಗುತ್ತಿತ್ತು, ನನಗೆ ಆಗಷ್ಟೇ ವರ್ಷ ತುಂಬಿತ್ತು. ನಾನು ಕಾರ್ಖಾನೆಗೆ ಫೋನ್ ಮಾಡಿ ಅಪ್ಪನಿಗೆ ತಿಳಿಸಿದೆ. ಮರುದಿನವೇ ಅವ್ವನನ್ನು ಅವರು ನಾಸಿಕದಲ್ಲಿ ಎಸ್‌ಟಿ ಬಸ್ಸು ಹತ್ತಿಸಿದರು.

ಸಂಜೆ ಅವ್ವ ನನ್ನ ಬಾಡಿಗೆ ಕೋಣೆಗೆ ಬಂದಳು. ಒಂದು ತಗಡಿನ ಟ್ರಂಕು, ಹಗ್ಗ ಬಿಗಿದ ಕೌದಿಯ ಗಂಟು. ಟ್ರಂಕಿನಲ್ಲಿ ಬಾಣಂತಿಗೆಂದು ಅಂಟಿನ ಉಂಡಿ, ಒಣಶುಂಠಿ, ಬೆಳ್ಳುಳ್ಳಿ, ಜೋಳದ ಹಿಟ್ಟು, ಮಗುವಿಗೆ ಹಳೆಯ ಮೆತ್ತನೆಯ ಬಟ್ಟೆ. ಅವ್ವ ವಿಮಾನವನ್ನು ಹತ್ತಿರದಿಂದ ನೋಡಿದವಳೇ ಅಲ್ಲ. “ಅದ್ರಾಗ ಕಿಟಕಿ ತೆಗಿಲಿಕ್ಕೆ ಬರ್ತದೇನೋ ತಮ್ಮಾ?” ಎಂದಷ್ಟೇ ಕೇಳಿದಳು.

ಮರುದಿನ ಬೆಳಿಗ್ಗೆ ಟಾಂಗಾದಲ್ಲಿ ಇಬ್ಬರೂ ನಿಲ್ದಾಣಕ್ಕೆ ಹೋದೆವು. ನಾನು ಟೈ ಸರಿಪಡಿಸಿಕೊಂಡು ತಕ್ಕಡಿಯ ಹಿಂದೆ ನಿಂತೆ. ಅವ್ವ ಸಾಲಿನಲ್ಲಿ ನಿಂತಳು. ಅವಳ ಹಿಂದೆಮುಂದೆ ಎಲ್ಲೋರಾ, ಅಜಂತಾ ನೋಡಿ ಹೊರಟ ಪರದೇಶದವರು. ಅವರ ಚರ್ಮದ ಸೂಟ್‌ಕೇಸುಗಳ ನಡುವೆ ನಮ್ಮ ಟ್ರಂಕು, ಹಸಿರು, ಕೆಂಪು, ಅರಿಸಿನ ಬಣ್ಣದ ಚಿಂದಿ ತೇಪೆಗಳ ಆ ಗಂಟು. ನಮ್ಮ ಮೇಲಧಿಕಾರಿ, ಪುಣೆಯ ಕಡೆಯ ಹಿರಿಯರು, ನನ್ನ ಹಿಂದೆಯೇ ಕಾಗದ ನೋಡುತ್ತ ಕುಳಿತಿದ್ದರು.

ಅವ್ವನ ಸರದಿ ಬಂತು. ಟ್ರಂಕು ಇಪ್ಪತ್ತಕ್ಕೆ ಸರಿಯಾಗಿ ನಿಂತಿತು. ಗಂಟು ಇಟ್ಟೆ, ಮುಳ್ಳು ಇಪ್ಪತ್ತಾರಕ್ಕೆ ಹೋಯಿತು.

ನಾನು ಅವ್ವನ ಜೊತೆ ಅದುವರೆಗೆ ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಮಾತಾಡಿದವನಲ್ಲ. ಅವತ್ತು ಮರಾಠಿಯಲ್ಲಿ, ಬೇರೆಯವರಿಗೆ ಹೇಳುವ ಧಾಟಿಯಲ್ಲೇ, “ವಜನ ಜಾಸ್ತ ಆಹೆ, ಸಹಾ ಕಿಲೋ” ಎಂದೆ. ತೂಕ ಜಾಸ್ತಿಯಾಗಿದೆ, ಆರು ಕಿಲೋ.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಕನ್ನಡದಲ್ಲೇ, “ಹಿಟ್ಟು ತೆಗೀತೀನಿ ತಮ್ಮಾ. ಉಂಡಿನೂ ತೆಗೀತೀನಿ. ಕೌದಿ ಒಯ್ತೀನಿ. ಆಕಿ ಕೇಳಿದ್ದು ಅದೊಂದೇ” ಎಂದಳು.

“ಬಾಣಂತಿಗೆ ಉಂಡಿ ಬೇಕವ್ವಾ. ಕೌದಿ ನಾ ರೈಲ್ವೆ ಪಾರ್ಸಲ್ ಹಾಕ್ತೀನಿ, ನಾಕ ದಿನದಾಗ ಮುಟ್ತದ.”

“ರೊಕ್ಕ ಕಟ್ಟಿದ್ರ ಬಿಡ್ತಾರಂತಲ್ಲ? ನಿಮ್ಮಪ್ಪ ಕೊಟ್ಟಾರ ನನ್ನ ಹಂತ್ಯಾಕ.”

“ಹಳೇ ಕೌದಿಗೆ ರೊಕ್ಕ ಕಟ್ಟೋದಾ?” ಎಂದೆ. ಸಿಟ್ಟಿನಿಂದಲೇ ಎಂದೆ.

ದುಡ್ಡು ನನ್ನ ಕಿಸೆಯಲ್ಲೂ ಇತ್ತು. ಇಷ್ಟು ವರ್ಷ ಬೇರೆ ಬೇರೆ ನೆಪ ಹೇಳಿಕೊಂಡಿದ್ದೇನೆ, ಈಗ ಮುಚ್ಚಿಡುವುದೇಕೆ? ಆ ಚಿಂದಿ ತೇಪೆಯ ಗಂಟನ್ನು ಆ ಸೂಟ್‌ಕೇಸುಗಳ ಜೊತೆ ಗಾಡಿಯ ಮೇಲೆ ಹಾಕಿ ಕಳಿಸಲು ನನಗೆ ನಾಚಿಕೆಯಾಗಿತ್ತು. ಅದಕ್ಕೆ ಚೀಟಿ ಕಟ್ಟುವುದು, ರಸೀದಿ ಬರೆಯುವುದು, ಅದನ್ನು ಅಧಿಕಾರಿಗಳು ನೋಡುವುದು, ಇದು ನನ್ನ ತಾಯಿ ಎಂದು ಹೇಳುವುದು. ಇಪ್ಪತ್ತು ಕಿಲೋ ನಿಯಮ ನನ್ನ ನೆರವಿಗೆ ಬಂತು, ಅಷ್ಟೇ.

ಅವ್ವ ಗಂಟನ್ನು ತಾನೇ ಎತ್ತಿ ನನ್ನ ಕಡೆ ಸರಿಸಿದಳು. “ಇವತ್ತೇ ಹಾಕು” ಎಂದು, ಸೆರಗು ಹೊದ್ದುಕೊಂಡು, ಎಲ್ಲರ ಹಿಂದೆ ವಿಮಾನದ ಕಡೆ ನಡೆದಳು. ಮೆಟ್ಟಿಲು ಹತ್ತುವ ಮುನ್ನ ಕೆಳಗಿನ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಅವತ್ತೇ ಹಾಕಲಿಲ್ಲ. ಅವತ್ತು ಕೆಲಸ ಮುಗಿಯುವಷ್ಟರಲ್ಲಿ ಪಾರ್ಸಲ್ ಕಚೇರಿ ಮುಚ್ಚಿತ್ತು. ಮರುದಿನ ಭಾನುವಾರ. ಅದರ ಮರುದಿನ ಗೋಣಿಚೀಲ ಹೊಲಿಸುವುದಾಗಲಿಲ್ಲ. ಆ ದಿನಗಳಲ್ಲಿ ಔರಂಗಾಬಾದಿನಲ್ಲೂ ಚಳಿ ಬಿದ್ದಿತ್ತು. ಗಂಟು ಬಿಚ್ಚಿ ನಾನೇ ಹೊದ್ದು ಮಲಗಿದೆ, ಎರಡು ರಾತ್ರಿ. ನಾಲ್ಕನೆಯ ದಿನ ಪಾರ್ಸಲ್ ಹಾಕಿದೆ.

ಅವ್ವ ಹೋದ ಎಂಟನೆಯ ದಿನ ಅಕ್ಕ ತೀರಿಕೊಂಡಳು. ತಂತಿ ನನ್ನ ಕೈಗೆ ಬರುವ ಹೊತ್ತಿಗೆ ಮಣ್ಣು ಮಾಡಿಯೂ ಆಗಿತ್ತು. ನಾನು ರಜೆ ಹಾಕಿ ನಾಸಿಕಕ್ಕೆ ಹೋಗಿ ಅಪ್ಪನ ಜೊತೆ ಕುಳಿತೆ. ಅಪ್ಪ ನನ್ನೊಡನೆ ಮಾತಾಡಿದ್ದು ಕಡಿಮೆ. ಒಮ್ಮೆ ಮಾತ್ರ, “ಎರಡು ದಿನ ಊಟ ಬಿಟ್ಟಿದ್ಲು ನೋಡು” ಎಂದರು. ಯಾವ ಊಟ, ಯಾವಾಗ ಎಂದು ನಾನು ಕೇಳಬೇಕಿರಲಿಲ್ಲ.

ಎರಡು ವಾರ ಬಿಟ್ಟು ಭಾವ ಅವ್ವನನ್ನೂ ಮಗುವನ್ನೂ ರೈಲಿನಲ್ಲಿ ಕರೆತಂದ. ನಾಸಿಕ ರೋಡ್ ಸ್ಟೇಶನ್ನಿಗೆ ನಾನೂ ಅಪ್ಪನೂ ಹೋಗಿದ್ದೆವು. ಅವ್ವ ಮಗುವನ್ನು ಎದೆಗೊತ್ತಿಕೊಂಡು ಇಳಿದಳು. ಅಳಲಿಲ್ಲ. ಮಗುವನ್ನು ನನ್ನ ತೋಳಿಗೆ ಹಾಕಿ, “ಕತ್ತು ಹಿಡಿ, ಕತ್ತು ಹಿಡಿ” ಎಂದಳು. ಮಗು ಹಗುರವಾಗಿತ್ತು. ದಿನವಿಡೀ ತೂಗುವ ಕೈಗೆ ಅದು ಎರಡೂವರೆ ಕಿಲೋ ಇದ್ದೀತೆಂದು ತಿಳಿಯಿತು, ಹಾಗೆ ತಿಳಿದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆ ಬಂತು.

ಒಂದೆರಡು ದಿನ ಕಳೆದ ಮೇಲೆ ಅವ್ವ ಬಾಯಿಬಿಟ್ಟಳು. ಅಕ್ಕ ಜ್ವರದಲ್ಲಿ ನಡುಗುತ್ತಿದ್ದಳಂತೆ. ಅವ್ವನನ್ನು ಕಂಡ ಕೂಡಲೇ ಕೇಳಿದ್ದು, “ಕೌದಿ ತಂದಿಯೇನವ್ವಾ?”

“ತಮ್ಮ ಕಳಿಸ್ಯಾನ, ಬರ್ಲಿಕತ್ತದ ಅಂದೆ. ದಿನಾ ಕೇಳ್ತಿದ್ಲು. ದಿನಾ ಅದೇ ಹೇಳ್ತಿದ್ದೆ. ನನ್ನ ಸೀರಿ ಎರಡು, ಮೂರು ಮಡಚಿ ಹೊಚ್ಚಿದೆ. ‘ಇದಲ್ಲವ್ವಾ’ ಅಂತಿದ್ಲು.”

ಪಾರ್ಸಲ್ ಹನ್ನೊಂದು ದಿನ ತೆಗೆದುಕೊಂಡಿತೆಂದು ಭಾವ ಹೇಳಿದ. ಅದನ್ನು ಕೇಳಿ ನಾನು ಒಳಗೊಳಗೇ ಒಂದು ಲೆಕ್ಕ ಹಾಕಿದೆ. ಅವ್ವ ಹೇಳಿದಂತೆ ಅದೇ ದಿನ ಹಾಕಿದ್ದರೂ ಮುಟ್ಟುತ್ತಿರಲಿಲ್ಲ. ತಪ್ಪು ನನ್ನದಲ್ಲ, ರೈಲಿನದು. ಹೀಗೆ ಸಮಾಧಾನ ಮಾಡಿಕೊಂಡು ಕೆಲಸಕ್ಕೆ ಮರಳಿದೆ.

ಆ ಸಮಾಧಾನ ಒಂದು ತಿಂಗಳೂ ಬಾಳಲಿಲ್ಲ. ಫೆಬ್ರವರಿಯಲ್ಲಿ ಒಬ್ಬ ಪರದೇಶದ ಮುದುಕಿ ದಿಲ್ಲಿ ವಿಮಾನಕ್ಕೆ ಬಂದಳು. ಸೂಟ್‌ಕೇಸು ತೂಗಿದೆ, ಹತ್ತೊಂಬತ್ತೂವರೆ. ತೋಳಿನ ಮೇಲೆ ದಪ್ಪನೆಯ ಉಣ್ಣೆಯ ಹೊದಿಕೆಯೊಂದನ್ನು ಮಡಚಿ ಹಾಕಿಕೊಂಡಿದ್ದಳು. ಅದನ್ನೂ ತಕ್ಕಡಿಗೆ ಇಡಿ ಎಂದೆ. ಅವಳು ನಕ್ಕು, ತಲೆಯಾಡಿಸಿ, ಟಿಕೆಟ್ಟಿನ ಹಿಂಬದಿ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಕೈಚೀಲ, ಕೊಡೆ, ಮೇಲಂಗಿ, ಶಾಲು ಅಥವಾ ಕಂಬಳಿ: ಪ್ರಯಾಣಿಕರು ಕೈಯಲ್ಲೇ ಒಯ್ದರೆ ಇವನ್ನು ತೂಗತಕ್ಕದ್ದಲ್ಲ. ಸಾಸಿವೆಯಂಥ ಅಕ್ಷರದ ಇಂಗ್ಲಿಷ್. ದಿನಕ್ಕೆ ಎಷ್ಟೋ ಸಲ ನನ್ನ ಕೈಯಲ್ಲಿ ಹಾಯ್ದು ಹೋಗುತ್ತಿದ್ದ ಕಾಗದ.

ನಾನು ತಿರುಗಿ ಅಧಿಕಾರಿಗಳನ್ನು ನೋಡಿದೆ. ಅವರು ಕನ್ನಡಕದ ಮೇಲಿಂದ ನೋಡಿ ಮರಾಠಿಯಲ್ಲಿ ಹೇಳಿದರು: “ಹೊದಿಕೆ ತೋಳ ಮೇಲಿದ್ದರೆ ಬಿಟ್ಟುಬಿಡಬೇಕು. ಇಷ್ಟು ದಿನ ನಿನಗೆ ಗೊತ್ತಿರಲಿಲ್ಲವೇ?”

ನನಗೆ ಗೊತ್ತಿರಲಿಲ್ಲ. ಗಂಟಿನ ಹಗ್ಗ ಬಿಚ್ಚಿ, ಕೌದಿಯನ್ನು ಮಡಚಿ ಅವ್ವನ ತೋಳಿಗೆ ಹಾಕಿದ್ದರೆ ಸಾಕಿತ್ತು. ಆರು ಕಿಲೋದ ಮಾತೇ ಬರುತ್ತಿರಲಿಲ್ಲ. ಅವತ್ತೇ ಮಧ್ಯಾಹ್ನ ಅದು ಅಕ್ಕನ ಮೈಮೇಲೆ ಇರುತ್ತಿತ್ತು. ಅವಳು ಬದುಕುತ್ತಿದ್ದಳೆಂದು ನಾನು ಹೇಳುವುದಿಲ್ಲ. ಅಂಥ ಜ್ವರಕ್ಕೆ ಕೌದಿ ಮದ್ದಲ್ಲ. ಎಂಟು ದಿನ ಬೆಚ್ಚಗಿರುತ್ತಿದ್ದಳು.

ಮುಂದಿನ ರಜೆಗೆ ನಾಸಿಕಕ್ಕೆ ಹೋದಾಗ ಅವ್ವನಿಗೆ ಎಲ್ಲ ಹೇಳಿದೆ. ಅವಳು ಹಿತ್ತಿಲಿನ ಬಿಸಿಲಲ್ಲಿ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು.

“ನನಗ ಅವತ್ತೇ ತಿಳೀತು” ಎಂದಳು. “ವಿಮಾನದಾಗ ನನ್ನ ಮಗ್ಗಲದ ಹೆಣ್ಮಗಳು ಇಷ್ಟು ದೊಡ್ಡ ಚಾದರ ತೊಡಿಮ್ಯಾಲ ಇಟ್ಕೊಂಡು ಕೂತಿದ್ಲು. ಆಕೀಗಿ ಯಾರೂ ಏನೂ ಅಂದಿಲ್ಲ.”

“ಮತ್ತ ನನಗ್ಯಾಕ ಹೇಳಿಲ್ಲ?”

“ಹೇಳಿ ಏನ್ ಮಾಡೋದಿತ್ತು.” ಮಗುವನ್ನು ಬೋರಲು ಹಾಕಿ ಬೆನ್ನಿಗೆ ಎಣ್ಣೆ ಹಚ್ಚಿದಳು. ಆಮೇಲೆ, “ಕೌದಿಗಿ ನಾ ಏನೂ ಅನ್ನಾಂಗಿಲ್ಲ ತಮ್ಮಾ. ನೀ ಮಂದಿ ಮುಂದ ನನ್ನ ಜೋಡಿ ಮರಾಠ್ಯಾಗ ಮಾತಾಡಿದೆಲ್ಲ” ಎಂದು ಅಷ್ಟಕ್ಕೇ ಬಿಟ್ಟಳು. ನಾನು ಅವಳ ಪಾದ ಹಿಡಿದುಕೊಂಡೆ. “ಏಳು, ಕೂಸಿಗಿ ಬಿಸಿನೀರು ತಾ” ಎಂದಳು.

ಕೌದಿ ಜೈಪುರದಲ್ಲೇ ಉಳಿಯಿತು. ಭಾವ ಅದನ್ನೇನು ಮಾಡಿದನೆಂದು ನಾವು ಕೇಳಲಿಲ್ಲ. ಎರಡು ವರ್ಷಕ್ಕೆ ಅವನು ಮತ್ತೆ ಮದುವೆಯಾದ. ಮಗು ನಮ್ಮಲ್ಲೇ ಬೆಳೆಯಿತು. ನಾನು ಅರ್ಜಿ ಹಾಕಿ ತಕ್ಕಡಿಯಿಂದ ಟಿಕೆಟ್ ಬರೆಯುವ ಮೇಜಿಗೆ ಬದಲಾದೆ. ಅಲ್ಲಿಂದಲೂ ತಕ್ಕಡಿ ಕಾಣುತ್ತಿತ್ತು, ಜನ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಕೂರುವುದು ಕಾಣುತ್ತಿತ್ತು. ತೋಳ ಮೇಲೆ ಹೊದಿಕೆ ಹಾಕಿಕೊಳ್ಳಿರೆಂದು ಮೆಲ್ಲಗೆ ಕೆಲವರಿಗೆ ಹೇಳುತ್ತಿದ್ದೆ. ಅದರಿಂದ ನನಗೆ ಹಗುರವಾಯಿತೆಂದು ಹೇಳಲಾರೆ.

ಅಕ್ಕನ ಮಗಳು ಮರಾಠಿ ಶಾಲೆಯಲ್ಲಿ ಓದಿದಳು. ನಮ್ಮ ಕನ್ನಡ ಅವಳಿಗೆ ತಿಳಿಯುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ. ಅವಳಿಗೆ ಮದುವೆ ಗೊತ್ತಾದ ವರ್ಷ, ಅವ್ವ ತೀರಿಕೊಂಡ ಮೇಲೆ, ಇದನ್ನೆಲ್ಲ ಅವಳಿಗೆ ಹೇಳಿದೆ. ಬೈಯುತ್ತಾಳೆ ಅಥವಾ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡು, “ಮಾಮಾ, ನನ್ನ ಹೆತ್ತ ಆಯಿಯ ದನಿ ಹೇಗಿತ್ತು?” ಎಂದು ಕೇಳಿದಳು.

ಹೇಳಲು ಬಾಯಿ ತೆರೆದೆ. ಅಕ್ಕ ಉಪವಾಸ ಕೂತದ್ದು ನೆನಪಿದೆ, ಅವಳ ಸೊಂಟದ ಮೇಲಿನಿಂದ ಕಂಡ ಬೀದಿ ನೆನಪಿದೆ, ಕಾಗದದ ಅಕ್ಷರ ನೆನಪಿದೆ. ದನಿ ನೆನಪಾಗಲಿಲ್ಲ.