ಗೋಡೆ ಬಿರಿದದ್ದಕ್ಕೆ ಮಲ್ಲಿಗೆ ಕಡಿದೆ

ಹೋದ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಗೋಡೆಯೊಳಗಿಂದ ಬಿಸಿಲು ಬಂತು.

ಕಿಟಕಿಯಿಂದಲ್ಲ, ಗೋಡೆಯಿಂದಲೇ. ಊಟ ಮುಗಿಸಿ ಚಾಪೆಯ ಮೇಲೆ ಅಡ್ಡಾಗಿದ್ದೆ. ಬೆರಳಗಲದ ಒಂದು ಬೆಳಕಿನ ಗೆರೆ ನೆಲದ ಮೇಲೆ ಸರಿಯುತ್ತಾ ಸರಿಯುತ್ತಾ ನನ್ನ ಹೊಟ್ಟೆ ಹತ್ತಿತು. ಅದರೊಳಗೆ ಧೂಳಿನ ಕಣಗಳು ನಿಧಾನವಾಗಿ ತೇಲುತ್ತಿದ್ದವು. ಹೊರಗಿನ ಮಲ್ಲಿಗೆಯ ವಾಸನೆಯೂ ಅದೇ ದಾರಿ ಹಿಡಿದು ಒಳಗೆ ಬಂತು. ಎಷ್ಟು ಚೆಂದ ಎಂದುಕೊಂಡು ಅರೆನಿದ್ದೆಯಲ್ಲೇ ನಗುತ್ತಿದ್ದೆ. ಆಮೇಲೆ ದಡಕ್ಕನೆ ಎದ್ದು ಕೂತೆ. ಹೊಸ ಮನೆಯ ಗೋಡೆ ಬಿರಿದಿದೆಯಲ್ಲ!

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ವರ್ಗವಾಗಿ ಬಂದು ಕಟ್ಟಿಸಿದ ಮನೆ ಇದು ಎಂಬುದು ಹಳೆಯ ಓದುಗರಿಗೆ ಗೊತ್ತು. (ಗೃಹಪ್ರವೇಶದ ಹೋಳಿಗೆಯ ಬಗ್ಗೆ ಒಂದಿಡೀ ಅಂಕಣ ಬರೆದು ನಿಮ್ಮ ತಲೆ ತಿಂದಿದ್ದೆ.) ಇಲ್ಲಿಯದು ಅಪ್ಪಟ ಎರೆ ನೆಲ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಾಯಿ ಬಿಡುವ, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವ ಕರಿ ಮಣ್ಣು.

ಹೊರಗೆ ಹೋಗಿ ನೋಡಿದೆ. ಬಿರುಕಿನ ಬುಡದಲ್ಲೇ ಮಲ್ಲಿಗೆ ಬಳ್ಳಿ. ನನ್ನ ಹೆಂಡತಿ ಪಾರ್ವತಿ ಅದನ್ನು ಕುರುಗೋಡಿನ ತವರುಮನೆಯಿಂದ ತಂದವಳು. ಅವಳ ತಾಯಿ ಹೋದ ವರ್ಷ ತೀರಿಕೊಂಡರು. ಅವರು ನೆಟ್ಟ ಬಳ್ಳಿಯಿಂದ ಬೇರೊಡೆದ ಒಂದು ಕವಲನ್ನು, ಅಂಟಿದ ಕೆಂಪು ಮಣ್ಣಿನ ಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಂಡಿಯಲ್ಲಿ ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ದಿನಾ ಬೆಳಿಗ್ಗೆ, ಸಂಜೆ ಅದಕ್ಕೆ ಒಂದೊಂದು ತಂಬಿಗೆ ನೀರು.

ಎರೆ ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದರೆ ಗೋಡೆ ಎತ್ತುತ್ತದೆ. ಇಷ್ಟು ನನಗೂ ಗೊತ್ತು. ಕಳ್ಳ ಸಿಕ್ಕನಲ್ಲ!

“ನಿನ್ನ ಗಿಡದ ದೆಸಿಂದ ಗ್ವಾಡಿ ಹೋತು ನೋಡು,” ಎಂದೆ.

“ಎರಡು ತಂಬಿಗಿ ನೀರಿಗೆ ಗ್ವಾಡಿ ಬಿರಿತೈತೇನ್ರಿ? ನಾಳಿ ಗೌಂಡಿ ಇಮಾಮಸಾಬ ಬರ್ತಾನ. ಕಟ್ಟಿದಾವಗ ಒಂದು ಮಾತು ಕೇಳ್ರಿ,” ಎಂದಳು.

ನಾಳೆಯವರೆಗೆ ಕಾಯುವ ಸ್ವಭಾವವೇ ನನ್ನದು? ಕುಡುಗೋಲು ತಂದು ಬುಡಕ್ಕೇ ಕಡಿದೆ. ಬಳ್ಳಿಯ ತುಂಬ ಮೊಗ್ಗಿದ್ದವು. ಪಾರ್ವತಿ ಮೊಗ್ಗುಗಳನ್ನು ಒಂದೊಂದಾಗಿ ಬಿಡಿಸಿ ಸೆರಗಿಗೆ ಹಾಕಿಕೊಂಡಳು. ಸಂಜೆ ಅವು ಒದ್ದೆ ಬಟ್ಟೆಯೊಳಗೇ ಅರಳಿದವು. ಮನೆಯೆಲ್ಲ ಘಮ. ನಾನು ಎದ್ದು ಅಂಗಳಕ್ಕೆ ಹೋದೆ.

ಸೋಮವಾರ ಇಮಾಮಸಾಬ ಬಂದ. ಬಿರುಕನ್ನು ಒಮ್ಮೆ ನೋಡಿ, ಸೀದಾ ನಾಲ್ಕೇ ಹೆಜ್ಜೆ ಆಚೆಗಿದ್ದ ಬಚ್ಚಲ ಹಿಂದೆ ಹೋದ. ಗೋಡೆಯ ಬುಡದ ಮಣ್ಣು ಚಿವುಟಿ ಬೆರಳಲ್ಲಿ ಹೊಸೆದ. ಪಕ್ಕದ ಚಪ್ಪಡಿ ಎತ್ತಿದ.

ಕೆಳಗಿದ್ದದ್ದು ನನ್ನ ಹೆಮ್ಮೆಯ ಗುಂಡಿ. ಬಳ್ಳಾರಿಯ ಕಂಟೋನ್ಮೆಂಟಿನ ಬಾಡಿಗೆ ಮನೆಯಲ್ಲಿ ಅಂಥದ್ದಿತ್ತು. ಬಚ್ಚಲ ನೀರೆಲ್ಲ ಅದರೊಳಗೆ ಬಿದ್ದು ಮಾಯವಾಗುತ್ತಿತ್ತು. ಅಲ್ಲಿಯದು ಗರಸು ನೆಲ, ಎಷ್ಟು ಸುರಿದರೂ ಗಟಗಟ ಕುಡಿಯುತ್ತಿತ್ತು. ಇಲ್ಲಿ ಇಮಾಮಸಾಬ ಬೇಡವೆಂದರೂ, “ಇದು ಸೈಂಟಿಫಿಕ್” ಎಂದು ಅವನ ಬಾಯಿ ಮುಚ್ಚಿಸಿ, ಗೋಡೆಗೆ ಹತ್ತಿಸಿಯೇ ತೋಡಿಸಿದ್ದೆ.

ಗುಂಡಿ ಕಂಠಮಟ್ಟ ತುಂಬಿ ನಿಂತಿತ್ತು. ಅದರಲ್ಲಿ ಆಕಾಶದ ಒಂದು ತುಂಡು ತಣ್ಣಗೆ ಮಲಗಿತ್ತು.

“ಎರಿ ಒಮ್ಮಿ ಹಸಿ ಆತಂದ್ರ ಬಾಯಿ ಮುಚ್ಚತೈತ್ರಿ, ಸಾಹೇಬ್ರ. ನೀರು ಕೆಳಗ ಇಳಿಯಾಂಗಿಲ್ಲ, ಪಾಯಕ್ಕ ಹೋಗತೈತಿ. ದೂರ ಒಯ್ದು ಚೆಲ್ರಿ, ಗ್ವಾಡಿ ಉಳಿತೈತಿ,” ಎಂದವನು ಸುತ್ತ ನೋಡಿದ. “ಇಲ್ಲಿ ಮಲ್ಲಿಗಿ ಇತ್ತಲ್ರಿ? ಅದಾದ್ರೂ ಒಂದೀಟು ನೀರು ಹೀರತಿತ್ತು. ಯಾರು ಕಡದ್ರು?”

ಪಾರ್ವತಿ ಬಾಗಿಲಲ್ಲೇ ನಿಂತಿದ್ದಳು. ಏನೂ ಹೇಳಲಿಲ್ಲ. (ಗಂಡನ ಹೆಸರು ಹೇಳಬಾರದಲ್ಲ!)

“ನಾನ ಕಡದೆಪಾ,” ಎಂದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಎರೆ ನೆಲ, ಬೇಸಿಗೆ ಬೇರೆ. ಅದಕ್ಕೇನು ಕಷ್ಟವಿತ್ತು?

ಈ ನೆಲ ಮದ್ರಾಸಿನಲ್ಲೇ ಉಳಿಯಬೇಕೋ ಮೈಸೂರಿಗೆ ಸೇರಬೇಕೋ ಎಂದು ನಮ್ಮ ಕಚೇರಿಯಲ್ಲಿ ದಿನಾ ಜಗಳ. ನಾನೂ ಗಂಟಲು ಹರಿದುಕೊಂಡವನೇ. ಆದರೆ ಕಾಲ ಕೆಳಗಿನ ಮಣ್ಣು ಏನು ಕುಡಿಯುತ್ತದೆ, ಏನು ಕುಡಿಯುವುದಿಲ್ಲ ಎಂದು ಒಂದು ದಿನವಾದರೂ ಕೇಳಿದ್ದೆನೇ? ಅದು ಹೋಗಲಿ, ಪಕ್ಕದಲ್ಲಿದ್ದವಳನ್ನು ಕೇಳಿದ್ದೆನೇ?

ಈಗ ಗುಂಡಿ ಮುಚ್ಚಿದೆ. ಬಚ್ಚಲ ನೀರನ್ನು ಕೊಡದಲ್ಲಿ ತುಂಬಿ ಬೇಲಿಯಾಚೆ ಚೆಲ್ಲುವ ಕೆಲಸ ನನ್ನದು. (ಕಟ್ಟುತ್ತಿರುವ ಅಣೆಕಟ್ಟಿನ ಕಾಲುವೆ ಈ ಊರಿಗೆ ಬರುವ ಮೊದಲೇ ನೀರಾವರಿ ಇಲಾಖೆ ಸೇರಿದ್ದೇನೆ.) ಪಾರ್ವತಿ ಕಡಿದ ಬುಡಕ್ಕೆ ಇಂದಿಗೂ ತಂಬಿಗೆ ನೀರು ಹಾಕುತ್ತಾಳೆ.

“ಚಿಗಿತೈತೇನು?” ಎಂದು ನಿನ್ನೆ ಮೆಲ್ಲಗೆ ಕೇಳಿದೆ.

“ನಮ್ಮವ್ವನ ಬಳ್ಳಿ ಅದು. ಚಿಗಿಬಹುದು,” ಎಂದಳು. ಮುಖ ಎತ್ತಲಿಲ್ಲ.

ಪಾಯ ಒಣಗುವವರೆಗೆ ಬಿರುಕು ಮುಚ್ಚಬಾರದೆಂದು ಇಮಾಮಸಾಬನ ಅಪ್ಪಣೆ. ಹಾಗಾಗಿ ಮಧ್ಯಾಹ್ನದ ಬೆಳಕಿನ ಗೆರೆ ಈಗಲೂ ಬಂದು ನನ್ನ ಹೊಟ್ಟೆ ಹತ್ತುತ್ತದೆ. ಕಣ್ಣು ಮುಚ್ಚಿ ಕಾಯುತ್ತೇನೆ. ವಾಸನೆ ಮಾತ್ರ ಬರುವುದಿಲ್ಲ.

ನಿಮ್ಮ ಮನೆಯ ಗೋಡೆ ಬಿರಿದರೆ, ನೀವು ಮೊದಲು ಯಾರ ಗಿಡ ಕಡಿಯುತ್ತೀರಿ?